ಉಣ್ಣುವ ಎಡೆ: ಹೊಸ ಮನೆಯ ನಕ್ಷೆಯಲ್ಲಿ ಊಟದ ಸ್ಥಾನವನ್ನು ಕುರಿತ ಒಂದು ಚಾರಿತ್ರಿಕ ವಿಚಾರ

ಮುಂಬಯಿ, ಪುಣೆಗಳಂಥ ನಗರಗಳಲ್ಲಿ ಹೊಸ ಮನೆಯನ್ನು ಕೊಳ್ಳಹೊರಟವರ ಕಿವಿಗೆ ಮೊದಲು ಬೀಳುವುವು ಬಿ, ಎಚ್, ಕೆ ಎಂಬ ಮೂರು ಅಕ್ಷರಗಳು. ಮಲಗುವ ಕೋಣೆಗೆ ಒಂದು ಅಕ್ಷರ, ನಡುಮನೆಗೆ ಒಂದು, ಅಡಿಗೆಮನೆಗೆ ಒಂದು. ಉಣ್ಣುವ ಸ್ಥಳಕ್ಕೆ ಅಕ್ಷರವಿಲ್ಲ. ಇದನ್ನು ಈ ಕಾಲದ ಕಟ್ಟಡ ವ್ಯಾಪಾರಿಗಳ ಜಿಪುಣತನವೆಂದು ತಳ್ಳಿಹಾಕುವಂತಿಲ್ಲ. ಕ್ರಿ.ಶ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ವಾಸ್ತುವಿದ್ಯಾಧ್ಯಾಯದಲ್ಲಿ ಮನೆಯ ಮೂಲೆಗಳನ್ನು ಹಂಚುವಾಗ ಈಶಾನ್ಯವನ್ನು ದೇವರಿಗೂ, ಆಗ್ನೇಯವನ್ನು ಅಡಿಗೆಗೂ, ನೈರೃತ್ಯವನ್ನು ಪಾತ್ರೆಪರಡಿಗಳಿಗೂ, ವಾಯವ್ಯವನ್ನು ಧನಧಾನ್ಯಗಳಿಗೂ ಕೊಟ್ಟನು. ಉಣ್ಣುವವನಿಗೆ ಅಲ್ಲಿಯೂ ಮೂಲೆಯಿಲ್ಲ. ಅವನಿಂದ ಸುಮಾರು ಸಾವಿರ ವರ್ಷಗಳ ತರುವಾಯ, 1600ರಲ್ಲಿ, ಕಾಶಿಯಲ್ಲಿದ್ದ ರಾಮದೈವಜ್ಞನು ರಚಿಸಿದ ಮುಹೂರ್ತಚಿಂತಾಮಣಿಯಲ್ಲಿ ಎಂಟು ದಿಕ್ಕುಗಳಿಗೆ ಎಂಟು ಕೋಣೆಗಳನ್ನು ಹೇಳಿದೆ. ಅವುಗಳ ಪೈಕಿ ಪಶ್ಚಿಮದ ಕೋಣೆ ಭೋಜನಕ್ಕೆ. ಇಂದು ವಾಸ್ತುವಿನ ಹೆಸರಿನಲ್ಲಿ ನಮ್ಮವರು ಊಟದ ಕೋಣೆಯನ್ನು ಪಡುವಣಕ್ಕೆ ತಳ್ಳಬೇಕೆಂದು ಹಠ ಹಿಡಿಯುವುದು ಈ ಎರಡನೆಯ ಬಗೆಯ ವಚನಗಳ ಬಲದಿಂದ.

ಎರಡು ಶ್ಲೋಕಗಳ ಮೇಲೆ ದೊಡ್ಡ ಸಿದ್ಧಾಂತವನ್ನು ಕಟ್ಟುವುದು ಯುಕ್ತವಲ್ಲವೆಂಬುದನ್ನು ಬಲ್ಲೆ. ಮೂಲೆಗಳನ್ನು ಎಣಿಸುವವನಿಗೆ ನಾಲ್ಕೇ ಸ್ಥಾನಗಳು ಸಿಕ್ಕುತ್ತವೆ, ದಿಕ್ಕುಗಳನ್ನು ಎಣಿಸುವವನಿಗೆ ಎಂಟು. ಸ್ಥಾನ ಹೆಚ್ಚಿದಂತೆ ಅದನ್ನು ತುಂಬಲು ಹೆಸರುಗಳೂ ಹೆಚ್ಚುವುದು ಸಹಜ. ಆದರೂ ಮನೆಯನ್ನು ಯೋಚಿಸುವವನಿಗೆ ಮೊದಲು ನೆನಪಾಗುವುದು ಒಲೆ, ಉಗ್ರಾಣ, ದೇವರು, ಹಾಸಿಗೆ. ಎಲ್ಲಕ್ಕೂ ಕಡೆಯಲ್ಲಿ ಎಲೆ. ನಮ್ಮ ಹಳೆಯ ಮನೆಗಳಲ್ಲಿ ಊಟವೆಂಬುದು ಕೋಣೆಯಾಗಿರಲಿಲ್ಲ, ಒಂದು ಕ್ರಿಯೆಯಾಗಿತ್ತು. ಅದು ಕೋಣೆಯಾದುದು ಯಾವಾಗ, ಯಾರ ಅನುಕೂಲಕ್ಕಾಗಿ, ಹಾಗೆ ಆಗುವಾಗ ಮನೆಯವರೊಳಗೆ ಯಾರು ಯಾರ ಪಕ್ಕದಲ್ಲಿ ಕೂಡುವಂತಾಯಿತು ಎಂಬ ಪ್ರಶ್ನೆಗಳನ್ನು ಕನ್ನಡ ನಾಡಿನ ಮನೆಗಳನ್ನೂ, ಅಲ್ಲಿಂದ ಹೊರಟು ಬಂದ ನಮ್ಮ ಈ ನಗರದ ಮನೆಗಳನ್ನೂ ಮುಂದಿಟ್ಟುಕೊಂಡು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಒಂದು ಶಬ್ದವನ್ನು ನೋಡಬೇಕು. ಕನ್ನಡದಲ್ಲಿ 'ಎಡೆ' ಎಂದರೆ ಸ್ಥಳ. ಎಲೆಯ ಮೇಲೆ ಬಡಿಸಿಟ್ಟ ಅನ್ನವೂ 'ಎಡೆ'ಯೇ. ದೇವರಿಗೆ ಎಡೆ ಇಡುತ್ತೇವೆ, ಹಿರಿಯರಿಗೆ ಎಡೆ ಹಾಕುತ್ತೇವೆ. ಬಡಿಸಿದ ಕಡೆಯೇ ಊಟದ ಸ್ಥಳ, ಬಡಿಸಿದುದನ್ನು ತೆಗೆದೊಡನೆ ಆ ಸ್ಥಳವಿಲ್ಲ. ನೆಲವನ್ನು ಸಾರಿಸಿ, ಮಣೆ ಹಾಕಿ, ಎಲೆ ಹಾಸಿ, ಎಲೆಯ ಸುತ್ತ ರಂಗವಲ್ಲಿ ಎಳೆದರೆ ಊಟದ ಮನೆ ಹುಟ್ಟುತ್ತಿತ್ತು. ಎಂಜಲು ತೆಗೆದು ಗೋಮಯ ಹಚ್ಚಿದರೆ ಅದು ಅಡಗುತ್ತಿತ್ತು. ಕಲಬುರ್ಗಿ, ಬೀದರ, ಬಿಜಾಪುರಗಳ ಮುಸಲ್ಮಾನ ಮನೆಗಳಲ್ಲಿ ದಸ್ತರಖಾನವೆಂಬ ಬಟ್ಟೆಯನ್ನು ಹಾಸಿದರೆ ಅದೇ ಊಟದ ಕೋಣೆ. ಬಟ್ಟೆಯನ್ನು ಮಡಚಿದರೆ ಅದು ಮತ್ತೆ ಬೈಠಕ್ಕು. ಆಚಾರಗಳು ಬೇರೆಯಾದರೂ ಕಟ್ಟಡದ ದೃಷ್ಟಿಯಿಂದ ಎರಡೂ ಒಂದೇ ಉಪಾಯ.

ನಮ್ಮ ಗ್ರಂಥಗಳೂ ಇದಕ್ಕೆ ಅನುಗುಣವಾಗಿಯೇ ಇವೆ. ಎರಡನೆಯ ಚಾವುಂಡರಾಯನ ಲೋಕೋಪಕಾರ (ಸು. 1025) ಮನೆ ಕಟ್ಟುವ ವಿಚಾರವನ್ನೂ ಅಡಿಗೆಯ ವಿಚಾರವನ್ನೂ ಒಂದೇ ಹೊದಿಕೆಯೊಳಗೆ ಇಟ್ಟುಕೊಂಡಿರುವ ಗ್ರಂಥ. ಮೂರನೆಯ ಮಂಗರಸನ ಸೂಪಶಾಸ್ತ್ರ (ಸು. 1508) ಭಕ್ಷ್ಯಭೋಜ್ಯಗಳ ಪಾಕಕ್ರಮಕ್ಕೇ ಮೀಸಲಾದುದು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು (ಸು. 1129) ಅನ್ನಭೋಗದ ಪ್ರಕರಣದಲ್ಲಿ ಅರಸನ ಊಟವನ್ನು ವರ್ಣಿಸುತ್ತದೆ: ಮೆತ್ತನೆಯ ಆಸನ, ನಾಭಿಯಿಂದ ಮೊಣಕಾಲಿನವರೆಗೆ ಹೊದಿಸಿದ ಬಿಳಿಯ ವಸ್ತ್ರ, ಚಿನ್ನದ ಹರಿವಾಣ. ಗಮನಿಸಬೇಕಾದ ಅಂಶವೆಂದರೆ ಇವೆಲ್ಲವೂ ಎತ್ತಿ ಒಯ್ಯಬಹುದಾದ ವಸ್ತುಗಳು. ಚಕ್ರವರ್ತಿಯ ಊಟದ ವೈಭವ ಕೂಡ ಹಾಸಿ ಮಡಚುವ ಸಾಮಗ್ರಿಯಲ್ಲಿತ್ತು.

ಇದಕ್ಕೊಂದು ಪ್ರಸಿದ್ಧ ಅಪವಾದವುಂಟು. ಹಂಪೆಗೆ ಹೋದವರು ಭೋಜನಶಾಲೆಯೆಂದು ಇಂದು ಕರೆಯಲ್ಪಡುವ ಸ್ಥಳವನ್ನು ಕಂಡೇ ಇರುತ್ತಾರೆ. ನೀರಿನ ಕಾಲುವೆಯ ಎರಡು ದಂಡೆಗಳಲ್ಲೂ ಸಾಲಾಗಿ ಕಲ್ಲುಚಪ್ಪಡಿಗಳು. ಒಂದೊಂದರಲ್ಲೂ ತಟ್ಟೆಯ ಆಕಾರ, ಪಲ್ಯ ಸಾರುಗಳಿಗೆಂದು ಸಣ್ಣ ಸಣ್ಣ ಕುಳಿಗಳು. ಇಲ್ಲಿ ಊಟದ ಸಾಲನ್ನು ಕಲ್ಲಿನಲ್ಲಿ ಶಾಶ್ವತಗೊಳಿಸಿದ್ದಾರೆ. ಆದರೆ ಇದು ಮನೆಯಲ್ಲ, ಬಹುಜನರಿಗೆ ಒಮ್ಮೆಗೆ ಬಡಿಸುವ ಸ್ಥಳ. ನಮ್ಮಲ್ಲಿ ಊಟಕ್ಕೆ ಸ್ಥಿರವಾದ ಕಟ್ಟಡ ಮೊದಲು ದೊರೆತುದು ಅರಮನೆ, ಮಠ, ಛತ್ರಗಳಲ್ಲಿ. ಗೃಹಸ್ಥನ ಮನೆಗೆ ಅದು ಬಂದುದು ಬಹಳ ತಡವಾಗಿ.

ಹಾಗಾದರೆ ಗೃಹಸ್ಥನು ಎಲ್ಲಿ ಉಂಡನು? ಹಳೆಯ ಮೈಸೂರಿನ ತೊಟ್ಟಿ ಮನೆಯಲ್ಲಿ ತೊಟ್ಟಿಯ ಸುತ್ತಲಿನ ಕಂಬಸಾಲಿನೊಳಗೆ, ಅಡಿಗೆಮನೆಗೆ ತಾಗಿದ ಪಕ್ಕದಲ್ಲಿ. ಮಲೆನಾಡಿನಲ್ಲಿ ನಿತ್ಯದ ಊಟ ಅಡಿಗೆಮನೆಯ ಹೊಸ್ತಿಲಿನ ಈಚೆಯಲ್ಲಿ, ಮದುವೆ ಮುಂಜಿಗಳ ಊಟ ಅಂಗಳದ ಚಪ್ಪರದಲ್ಲಿ. ಧಾರವಾಡ, ಬೆಳಗಾವಿಗಳ ಕಡೆಯ ಮನೆಗಳಲ್ಲಿ ಒಳಗೆ ಅಡಿಗೆಮನೆ, ಹೊರಗೆ ಪಡಸಾಲೆ. ಬಂದವರಿಗೆ ಪಡಸಾಲೆಯಲ್ಲಿ ತಾಟು, ಮನೆಯವರಿಗೆ ಒಳಗೆ. ಮನೆಯ ಅಳತೆಯನ್ನು ಅಂಕಣಗಳಲ್ಲಿ, ಅಂದರೆ ಕಂಬದಿಂದ ಕಂಬಕ್ಕಿರುವ ಅಂತರದಲ್ಲಿ, ಎಣಿಸುತ್ತಿದ್ದರು. ಒಬ್ಬನು ಮಣೆಯ ಮೇಲೆ ಕುಳಿತು ಉಣ್ಣಲು ಎರಡು ಅಡಿ ಅಗಲ, ನಾಲ್ಕು ಅಡಿ ಉದ್ದ ಬೇಕು. ಬಡಿಸುವವರು ಓಡಾಡಲು ಮುಂದೆ ಮೂರು ಅಡಿ. ಏಳು ಅಡಿ ಅಗಲದ ಒಂದು ಸಾಲುಹಾದಿಯಿದ್ದರೆ ಒಂದು ಪಂಕ್ತಿ ಸಲೀಸಾಗಿ ಸಾಗುತ್ತದೆ, ಹನ್ನೊಂದು ಅಡಿಯಿದ್ದರೆ ಎದುರುಬದುರಾಗಿ ಎರಡು. ಉದ್ದವಾದ, ಅಗಲ ಕಡಮೆಯಾದ, ಗೋಡೆಯಿಲ್ಲದ ಈ ಹಜಾರಗಳು ಇಂದಿನ ಕಣ್ಣಿಗೆ ವ್ಯರ್ಥವಾದ ಸ್ಥಳವೆಂದು ತೋರಬಹುದು. ಎಲೆಯ ಲೆಕ್ಕದಿಂದ ನೋಡಿದರೆ ಮಾತ್ರ ಅವುಗಳ ಅರ್ಥ ತಿಳಿಯುತ್ತದೆ.

ಪಂಕ್ತಿಯೆಂದೆನು. ಈ ಶಬ್ದವೇ ಉತ್ತರ ಕರ್ನಾಟಕದವರ ಬಾಯಲ್ಲಿ ಹಂತಿಯಾಗಿದೆ. ಅದು ಬರಿಯ ಸಾಲಲ್ಲ, ಅರ್ಹತೆಯ ಪಟ್ಟಿ. ಯಾರೊಡನೆ ಕುಳಿತು ಉಣ್ಣಬಹುದು, ಯಾರು ಬಡಿಸಿದುದನ್ನು ಉಣ್ಣಬಹುದು, ಯಾರ ದೃಷ್ಟಿ ಅನ್ನದ ಮೇಲೆ ಬೀಳಬಾರದು ಎಂಬೆಲ್ಲವನ್ನೂ ಅದು ಹೇಳುತ್ತಿತ್ತು. ಅಡಿಗೆಮನೆಯು ಮನೆಯ ಗರ್ಭಗುಡಿಯಾಗಿದ್ದುದರಿಂದ ಅದಕ್ಕೆ ಎಷ್ಟು ಸಮೀಪದಲ್ಲಿ ನಿಮಗೆ ಎಲೆ ಹಾಕಿದ್ದಾರೆಂಬುದನ್ನು ನೋಡಿ ಆ ಮನೆಯಲ್ಲಿ ನಿಮ್ಮ ಸ್ಥಾನವನ್ನು ಅರಿಯಬಹುದಾಗಿತ್ತು. ಒಳಗೆ, ನಡುಮನೆಯಲ್ಲಿ, ಜಗಲಿಯಲ್ಲಿ, ಅಂಗಳದಲ್ಲಿ, ಕೊಟ್ಟಿಗೆಯ ಬದಿಯಲ್ಲಿ ಎಂದು ಹೊರಹೊರಗೆ ಸರಿದಂತೆ ಸ್ಥಾನ ಇಳಿಯುತ್ತಿತ್ತು. ದಿನವಿಡೀ ಆ ಮನೆಯ ಹೊಲದಲ್ಲಿ ದುಡಿದವನಿಗೆ ಹಿತ್ತಿಲ ಗೋಡೆಯ ಆಚೆ ಅನ್ನ ನೀಡುತ್ತಿದ್ದರು. ಮನೆಯ ನಕ್ಷೆಯನ್ನು ಬರೆದವನು ಬಡಗಿಯಾದರೂ ಗೆರೆ ಎಳೆಸಿದುದು ಪಂಕ್ತಿ.

ಹನ್ನೆರಡನೆಯ ಶತಮಾನದ ಶರಣರು ಈ ಗೆರೆಗೇ ಕೈಹಾಕಿದರು. ದಾಸೋಹದ ಕಲ್ಪನೆಯೂ ಪ್ರಸಾದದ ಕಲ್ಪನೆಯೂ ಧಾರ್ಮಿಕ ತತ್ತ್ವಗಳಾಗಿ ಚಿರಪರಿಚಿತವಾಗಿವೆ. ಮನೆಯ ನೆಲದ ಮೇಲೆ ಅವುಗಳ ಪರಿಣಾಮವೇನೆಂಬುದನ್ನು ಯೋಚಿಸಿದವರು ಕಡಮೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಲಿಂಗವಂತನು ಒಪ್ಪಬಾರದೆಂದು ಆ ಧರ್ಮ ಹೇಳಿತು. ಎಂಜಲೆಂಬುದೇ ಇಲ್ಲವೆಂದ ಮೇಲೆ ಊಟದ ಸ್ಥಳವನ್ನು ಮಡಿಯ ಗಡಿಯೊಳಗೆ ಬಚ್ಚಿಡಬೇಕಾದ ಕಾರಣವಿಲ್ಲ. ತಾಟಿನಲ್ಲಿ ಒಂದು ಅಗುಳನ್ನೂ ಬಿಡದೆ ತೊಳೆದು ಕುಡಿಯುವ ಹಿರಿಯರನ್ನು ನಮ್ಮಲ್ಲಿ ಹಲವರು ನೋಡಿರಬಹುದು. ತಾಟನ್ನು ನೆಲದ ಮೇಲಿಡದೆ ಮೂರು ಕಾಲಿನ ಅಡ್ಡಣಿಗೆಯ ಮೇಲಿಟ್ಟು ಉಣ್ಣುವ ಪದ್ಧತಿಯೂ ಆ ಮನೆಗಳಲ್ಲುಂಟು. ಇಂಗ್ಲಿಷರ ಮೇಜು ಬಂದುದರಿಂದಲೇ ನಮ್ಮ ಅನ್ನ ನೆಲಬಿಟ್ಟು ಮೇಲಕ್ಕೆ ಎದ್ದಿತೆಂದು ಹೇಳುವವರು ಈ ಅಡ್ಡಣಿಗೆಯನ್ನು ಮರೆತಿರುತ್ತಾರೆ. ಆದರೆ ತತ್ತ್ವ ಹೇಳಿದಷ್ಟು ದೂರ ಮನೆಗಳು ಹೋಗಲಿಲ್ಲವೆಂಬುದನ್ನೂ ಹೇಳಬೇಕು. ಕಾಲಕ್ರಮದಲ್ಲಿ ಅಲ್ಲಿಯೂ ಒಳಪಂಗಡಗಳಾದುವು, ಪಂಗಡಕ್ಕೊಂದು ಹಂತಿಯಾಯಿತು.

ಪಂಕ್ತಿಯ ಚರಿತ್ರೆಯನ್ನು ಬರೆಯುವವರು ಜಾತಿಯ ಮಾತಿಗೆ ನಿಲ್ಲಿಸುವುದು ವಾಡಿಕೆ. ಒಂದೇ ಜಾತಿಯ, ಒಂದೇ ಮನೆಯ ಒಳಗೆ ಎಂದಿಗೂ ಪಂಕ್ತಿಯಲ್ಲಿ ಕೂಡದಿದ್ದವರು ಹೆಂಗಸರು. ಈ ವಿಷಯದಲ್ಲಿ ಮನುಸ್ಮೃತಿಯಲ್ಲಿ ಒಂದು ವಿಚಿತ್ರವಿದೆ. ಅತಿಥಿಗಳೂ ಬಂಧುಗಳೂ ಆಳುಗಳೂ ಉಂಡ ಮೇಲೆ ಉಳಿದುದನ್ನು ದಂಪತಿಗಳು ಉಣ್ಣತಕ್ಕದ್ದೆಂದು ಮೂರನೆಯ ಅಧ್ಯಾಯ ಹೇಳುತ್ತದೆ. ಅಲ್ಲಿರುವುದು ದ್ವಿವಚನ, ಗಂಡಹೆಂಡಿರಿಬ್ಬರೂ ಕೊನೆಯ ಸರದಿಯವರು. ನಾಲ್ಕನೆಯ ಅಧ್ಯಾಯದಲ್ಲಿ ಸ್ನಾತಕವ್ರತಗಳ ನಡುವೆ, ಹೆಂಡತಿಯೊಡನೆ ಉಣ್ಣಬಾರದೆಂಬ ನಿಷೇಧ ಬರುತ್ತದೆ. ಲೋಕವು ಎರಡನೆಯ ಮಾತನ್ನು ಬಿಗಿಯಾಗಿ ಹಿಡಿದುಕೊಂಡು ಮೊದಲನೆಯದರಲ್ಲಿ ಅರ್ಧವನ್ನು ಬಿಟ್ಟುಬಿಟ್ಟಿತು. ಗಂಡನು ಮೊದಲ ಪಂಕ್ತಿಗೆ ಏರಿದನು, ಹೆಂಡತಿ ಕೊನೆಯಲ್ಲಿ ಉಳಿದಳು. ಅನೇಕ ಮನೆಗಳಲ್ಲಿ ಗಂಡ ಉಂಡ ಎಲೆಯಲ್ಲೇ ಅವಳ ಊಟ. ತಿಂಗಳ ಮೂರು ದಿನ ಅವಳಿಗೆ ಒಳಗೆ ಎಡೆಯೇ ಇಲ್ಲ. ಹಿತ್ತಿಲ ಬಾಗಿಲಿನಲ್ಲಿ ಎತ್ತಿ ಬಡಿಸುತ್ತಿದ್ದರು. ಹಿಂದಿನ ಕಾಲದಲ್ಲಿ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಉಣ್ಣುತ್ತಿದ್ದರೆಂದು ನಮ್ಮ ಸಮಾರಂಭಗಳಲ್ಲಿ ಭಾಷಣ ಮಾಡುವವರನ್ನು ನೋಡಿದಾಗ, ಆ ಮನೆಮಂದಿಯ ಎಣಿಕೆಯಲ್ಲಿ ಬಡಿಸುತ್ತಿದ್ದವರು ಸೇರಿದ್ದರೋ ಇಲ್ಲವೋ ಎಂದು ಕೇಳಬೇಕೆನಿಸುತ್ತದೆ.

ಕಟ್ಟಡವು ಈ ಕ್ರಮಕ್ಕೆ ಒತ್ತಾಸೆಯಾಗಿತ್ತೆಂಬುದನ್ನು ಮರೆಯಬಾರದು. ಸೌದೆಯ ಒಲೆ ನೆಲದ ಮೇಲಿದೆ, ಹೊಗೆ ತುಂಬಿದೆ, ಅಡಿಗೆಯವಳು ಕುಳಿತು ಬೇಯಿಸುತ್ತಾಳೆ. ಉಣ್ಣುವವರು ಹೊಗೆಯಿಂದ ತಪ್ಪಿಸಿಕೊಳ್ಳಲು ಗೋಡೆಯ ಈಚೆ ಕೂಡುತ್ತಾರೆ. ಬಿಸಿಯಾಗಿ ಬಡಿಸಬೇಕಾದರೆ ಒಬ್ಬರು ಗೋಡೆಯ ಆಚೆ ಇರಲೇಬೇಕು. ಅಲ್ಲಿರುವವರು ಯಾರೆಂಬುದನ್ನು ಆಚಾರ ನಿರ್ಣಯಿಸಿತು. ಒಬ್ಬರು ಅಲ್ಲಿರಲೇಬೇಕೆಂಬುದನ್ನು ಒಲೆ ನಿರ್ಣಯಿಸಿತು.

ಬ್ರಿಟಿಷರ ಬಂಗಲೆ ನಮ್ಮ ದಂಡುಪ್ರದೇಶಗಳಿಗೆ ಬಂದಾಗ ಊಟದ ಕೋಣೆಯೆಂಬ ಪ್ರತ್ಯೇಕ ವಸ್ತು ಕಣ್ಣಿಗೆ ಬಿದ್ದಿತು. ಬಂಗಲೆಯ ನಕ್ಷೆಯು ನಮ್ಮ ಮನೆಯ ನಕ್ಷೆಯನ್ನು ತಿರುವಿ ಹಾಕಿದಂತಿದೆ. ಅಲ್ಲಿ ಊಟದ ಕೋಣೆ ಮನೆಯ ನಡುವೆ, ಅಡಿಗೆಮನೆ ಹಿತ್ತಿಲಿನ ತುದಿಯಲ್ಲಿ ಬೇರೆ ಕಟ್ಟಡ. ನಮ್ಮಲ್ಲಿ ಅಡಿಗೆಮನೆ ಪವಿತ್ರವಾದುದರಿಂದ ಹೊರಗಿನವರಿಂದ ದೂರವಿತ್ತು. ಅವರಲ್ಲಿ ಅದು ಹೊಗೆ, ವಾಸನೆ, ಆಳುಗಳ ಸ್ಥಳವಾದುದರಿಂದ ಒಡೆಯರಿಂದ ದೂರವಿತ್ತು. ಬೆಂಗಳೂರಿನಲ್ಲಿ 1898ರ ಪ್ಲೇಗಿನ ತರುವಾಯ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮನೆ ಕಟ್ಟಿಸಿಕೊಂಡ ಅನುಕೂಲಸ್ಥರು ಬಂಗಲೆಯ ಮುಂಭಾಗವನ್ನು ಸ್ವೀಕರಿಸಿದರು, ಅಡಿಗೆಮನೆಯನ್ನು ಮಾತ್ರ ಮನೆಯೊಳಗೇ ಇಟ್ಟುಕೊಂಡರು. ಇದರಿಂದ ಊಟದ ಮನೆಯೆಂಬ ನಡುಕೋಣೆ ಹುಟ್ಟಿತು. ಮುಂದಿನ ಹಾಲಿಗೂ ಹಿಂದಿನ ಅಡಿಗೆಮನೆಗೂ ನಡುವಣ ಗಡಿಪ್ರದೇಶ. ಹಾಲಿನಲ್ಲಿ ಕುರ್ಚಿ, ಅಡಿಗೆಮನೆಯಲ್ಲಿ ಮಡಿ. ನಡುಕೋಣೆಯಲ್ಲಿ ಕೆಲವು ಕಾಲ ಮಣೆ, ಆಮೇಲೆ ಮೇಜು.

ಮುಂಬಯಿಗೆ ಬಂದ ಕನ್ನಡಿಗರ ಕಥೆ ಬೇರೆ. ಇಲ್ಲಿ ನಕ್ಷೆಯನ್ನು ಆರಿಸಿಕೊಳ್ಳುವ ಭಾಗ್ಯ ಮೊದಲಿಗೆ ಬಹುಮಂದಿಗೆ ಇರಲಿಲ್ಲ. 1920ರ ದಶಕದಲ್ಲಿ ಸರಕಾರವು ವರಳಿ, ನಾಯಗಾಂವ, ಶಿವಡಿ, ಡಿಲಾಯಿಲ್ ರಸ್ತೆಗಳಲ್ಲಿ ಕಟ್ಟಿಸಿದ ಬಿ.ಡಿ.ಡಿ. ಚಾಳುಗಳಲ್ಲಿ ಒಂದು ಕೋಣೆಯ ವಿಸ್ತಾರ 160 ಚದರ ಅಡಿ. ಒಂದು ಮೂಲೆಯಲ್ಲಿ ಮೋರಿ, ಇನ್ನೊಂದರಲ್ಲಿ ಒಲೆ. ಉಳಿದ ನೆಲವೇ ಹಗಲು ಊಟದ ಮನೆ, ಇರುಳು ಹಾಸಿಗೆ. ಹಾಸಿ ಮಡಚುವ ನಮ್ಮ ಪ್ರಾಚೀನ ಉಪಾಯವೇ ಅವರನ್ನು ಕಾಪಾಡಿತು. ಇನ್ನು ತುಳುನಾಡಿನಿಂದ ಎಳವೆಯಲ್ಲೇ ಬಂದು ಹೋಟೆಲುಗಳಲ್ಲಿ ಸೇರಿದ ಹುಡುಗರಿಗೆ ಕೋಣೆಯೂ ಇರಲಿಲ್ಲ. ಊರಿನವರಿಗೆಲ್ಲ ಊಟ ಬಡಿಸಿ, ಬಾಗಿಲು ಹಾಕಿದ ಮೇಲೆ ಅಲ್ಲಿಯೇ ಉಂಡು, ಮೇಜುಗಳನ್ನು ಸರಿಸಿ ಅಲ್ಲಿಯೇ ಮಲಗುತ್ತಿದ್ದರು. ಕನ್ನಡದ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದ ನಮ್ಮ ಸಮಾಜದ ಎಷ್ಟೋ ಹಿರಿಯರು ಈ ನೆಲದಿಂದ ಎದ್ದವರು.

ಇದೇ ಹೋಟೆಲು ನಮ್ಮ ಊಟದ ಕೋಣೆಯ ಚರಿತ್ರೆಯಲ್ಲಿ ಒಂದು ದೊಡ್ಡ ತಿರುವು. ಕನ್ನಡಿಗನು ಮೇಜಿನ ಮುಂದೆ ಕುರ್ಚಿಯ ಮೇಲೆ ಕುಳಿತು ಉಂಡುದು ಬಹುಮಟ್ಟಿಗೆ ಮನೆಯಲ್ಲಲ್ಲ, ಹೋಟೆಲಿನಲ್ಲಿ. ಅದೂ ಸಾಹೇಬರ ಹೋಟೆಲಿನಲ್ಲಲ್ಲ, ಉಡುಪಿಯವರ ಹೋಟೆಲಿನಲ್ಲಿ. ಮದರಾಸಿನಲ್ಲಿ ಕೆ. ಕೃಷ್ಣರಾಯರು 1920ರ ದಶಕದಲ್ಲಿ ನೆಲೆಗೊಳಿಸಿದ ಉದ್ಯಮವೂ, ಮಾಟುಂಗದಲ್ಲಿ ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗೂ ಪ್ರಸಿದ್ಧವಾದುವು. ಮೇಜಿನ ಮೇಲೆ ಬಾಳೆಯ ಎಲೆ ಹಾಸಿದ ಆ ದೃಶ್ಯವನ್ನು ಸಾಮಾನ್ಯವೆಂದು ತಿಳಿಯಬಾರದು. ಎಲೆಗೆ ಪಂಕ್ತಿಯ ನೆನಪಿದೆ. ಮೇಜಿಗೆ ಆ ನೆನಪಿಲ್ಲ. ಎದುರಿಗೆ ಕುಳಿತವನ ಕುಲವನ್ನು ಕೇಳುವಂತಿಲ್ಲ. ಸಂವಿಧಾನದ 15ನೆಯ ವಿಧಿಯು 1950ರಲ್ಲಿ ಉಪಾಹಾರಗೃಹಗಳ ಪ್ರವೇಶದಲ್ಲಿ ಭೇದವನ್ನು ನಿಷೇಧಿಸಿತು. ಅದಕ್ಕೂ ನೂರು ವರ್ಷಗಳ ಹಿಂದೆ, 1849ರಲ್ಲಿ, ಇದೇ ಮುಂಬಯಿಯಲ್ಲಿ ದಾದೋಬಾ ಪಾಂಡುರಂಗ ಮೊದಲಾದವರ ಪರಮಹಂಸ ಸಭೆಯನ್ನು ಸೇರುವವನು ಕ್ರೈಸ್ತನು ಸುಟ್ಟ ರೊಟ್ಟಿಯನ್ನು ತಿಂದು ಜಾತಿಯನ್ನು ಬಿಡಬೇಕಾಗಿತ್ತು, ಅದೂ ಗುಟ್ಟಾಗಿ. ಹೋಟೆಲಿನ ಮೇಜಿನಲ್ಲಿ ಗುಟ್ಟಿನ ಅವಶ್ಯಕತೆ ಉಳಿಯಲಿಲ್ಲ. ಆದರೆ ಹೆಂಗಸರಿಗೆಂದು ಪರದೆ ಕಟ್ಟಿದ 'ಫ್ಯಾಮಿಲಿ ರೂಮು' ಅಲ್ಲಿಯೂ ಬಹುಕಾಲ ಉಳಿಯಿತು.

ಹೊಸ ಮನೆಯನ್ನು ತಾವೇ ಯೋಜಿಸಿಕೊಳ್ಳುವ ಅವಕಾಶ ವಲಸೆಗಾರರಿಗೆ ದೊರೆತುದು ಸಹಕಾರ ಸಂಘಗಳಿಂದ. ಬೆಂಗಳೂರಿನಲ್ಲಿ 1909ರಷ್ಟು ಹಿಂದೆಯೇ ಗೃಹನಿರ್ಮಾಣದ ಸಹಕಾರ ಸಂಘವೊಂದು ಹುಟ್ಟಿತ್ತು. ಮುಂಬಯಿಯಲ್ಲಿ ರಾವ್ ಬಹದ್ದೂರ್ ಶ್ರೀಪಾದ ಸುಬ್ಬರಾವ್ ತಾಲ್ಮಕಿಯವರ ಪರಿಶ್ರಮದಿಂದ 1915ರಲ್ಲಿ ಗಾಮದೇವಿಯ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ಸ್ಥಾಪಿತವಾಯಿತು. ಮನೆಯಲ್ಲಿ ಕೊಂಕಣಿಯನ್ನಾಡುತ್ತ, ಕನ್ನಡ ಜಿಲ್ಲೆಗಳಿಂದ ಬಂದು, ಕಚೇರಿಗಳಲ್ಲಿ ದುಡಿಯುತ್ತಿದ್ದ ಚಿತ್ರಾಪುರ ಸಾರಸ್ವತರು ಇದರಿಂದ ಬಾಡಿಗೆಯ ಬವಣೆಯನ್ನು ನೀಗಿಕೊಂಡರು. ಆ ಸಾಹಸದ ಬಗ್ಗೆ ಗೌರವವಲ್ಲದೆ ಬೇರೆ ಭಾವನೆ ಉಂಟಾಗಲಾರದು. ಆದರೆ ಚರಿತ್ರೆಯನ್ನು ಬರೆಯುವವನು ಇನ್ನೊಂದನ್ನೂ ಗಮನಿಸಬೇಕು. ನೆರೆಯವರೆಲ್ಲರೂ ಸ್ವಜನರಾದರೆ ಊಟದ ಸ್ಥಳವನ್ನು ಮರೆಮಾಡಬೇಕಾದ ಕಾರಣ ಕಡಮೆಯಾಗುತ್ತದೆ. ಪಂಕ್ತಿಯ ಪ್ರಶ್ನೆ ಊಟದ ಮನೆಯಿಂದ ಎದ್ದು ಸದಸ್ಯರ ಪಟ್ಟಿಗೆ ಹೋಯಿತು. ಜಾತಿಗೊಂದು, ಪ್ರಾಂತಕ್ಕೊಂದು ವಸಾಹತುಗಳಾದ ಮುಂಬಯಿಯಲ್ಲಿ ಈ ಪ್ರಶ್ನೆ ಹಳತಾಗಿಲ್ಲ. ಒಂದೇ ಸಮುದಾಯದವರಿಗೆ ಸದಸ್ಯತ್ವವನ್ನು ಸೀಮಿತಗೊಳಿಸುವ ಪಾರ್ಸಿ ಗೃಹಸಂಘವೊಂದರ ಉಪನಿಯಮವನ್ನು ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ಎತ್ತಿಹಿಡಿಯಿತು. ಮಾಂಸಾಹಾರಿಗಳಿಗೆ ಮನೆ ಕೊಡದ ಕಟ್ಟಡಗಳ ಮಾತನ್ನು ನಮ್ಮ ವಾಚಕರಿಗೆ ಹೇಳಬೇಕಾದುದಿಲ್ಲ. ಕೆಲವರಿಗೆ ಅದರ ಅನುಭವವೇ ಇದ್ದೀತು.

1896ರ ಪ್ಲೇಗಿನ ಫಲವಾಗಿ 1898ರಲ್ಲಿ ಸ್ಥಾಪಿತವಾದ ಸುಧಾರಣಾ ಟ್ರಸ್ಟು ದಾದರ, ಮಾಟುಂಗಗಳನ್ನು ಹದಗೊಳಿಸಿತು. ಅಲ್ಲಿ 1920–30ರ ದಶಕಗಳಲ್ಲಿ ಎದ್ದ ಕಟ್ಟಡಗಳಲ್ಲಿ ಪಾಯಖಾನೆ, ಬಚ್ಚಲು, ಅಡಿಗೆಮನೆಗಳೆಲ್ಲ ಒಂದೇ ಬಾಗಿಲಿನ ಒಳಗಿರುವ ಬಿಡಾರಗಳು, ಅಂದರೆ ಇಂದಿನ ಫ್ಲ್ಯಾಟುಗಳು, ಸಾಮಾನ್ಯವಾದುವು. ಆಚಾರವಂತರಾದ ದಾಕ್ಷಿಣಾತ್ಯರಿಗೆ ಇದು ಸಣ್ಣ ಪ್ರಶ್ನೆಯಲ್ಲ. ಹಿತ್ತಿಲಿನ ತುದಿಯಲ್ಲಿದ್ದುದು ಊಟದ ಮನೆಯ ಗೋಡೆಗೆ ಬಂದು ತಾಗಿತು. ಅದನ್ನು ಆದಷ್ಟು ಹಿಂಬದಿಗೆ ತಳ್ಳಿ, ಶುಚಿ ಮಾಡುವವರು ಮನೆಯೊಳಗೆ ಕಾಲಿಡದೆ ಹೋಗಿಬರಲೆಂದು ಹಿಂದಿನಿಂದ ಬೇರೆ ಮೆಟ್ಟಿಲನ್ನು ಇಟ್ಟರು. ಮುಂಬಯಿಯ ಹಳೆಯ ಕಟ್ಟಡಗಳ ಹಿಂಬದಿಯಲ್ಲಿ ತುಕ್ಕು ಹಿಡಿದ ಕಬ್ಬಿಣದ ಸುರುಳಿ ಮೆಟ್ಟಿಲುಗಳನ್ನು ಇಂದಿಗೂ ಅಲ್ಲಲ್ಲಿ ಕಾಣಬಹುದು. ಮಡಿಗೂ ನಗರಕ್ಕೂ ಆದ ಒಪ್ಪಂದದ ಶಾಸನವದು. ಒಪ್ಪಂದದ ಭಾರವನ್ನು ಹೊತ್ತವರು ಆ ಮೆಟ್ಟಿಲು ಹತ್ತಿದವರು.

ಈ ಬಿಡಾರಗಳಲ್ಲೂ ಮೊದಲು ಊಟ ನೆಲದ ಮೇಲೆಯೇ, ಅಡಿಗೆಮನೆಯಲ್ಲಿಯೇ. ಮೇಜು ಬಂದುದು ಪಾಶ್ಚಾತ್ಯರ ಅನುಕರಣದಿಂದ ಎಂಬುದು ಪ್ರಚಲಿತವಾದ ಅಭಿಪ್ರಾಯ. ನನಗೆ ಅದು ಸಾಲದೆಂದು ತೋರುತ್ತದೆ. ಅನುಕರಣವೇ ಕಾರಣವಾಗಿದ್ದರೆ ಕುರ್ಚಿ ಹಾಲಿಗೆ ಬಂದಾಗಲೇ ಊಟಕ್ಕೂ ಬರಬೇಕಾಗಿತ್ತು. ಎಷ್ಟೋ ಮನೆಗಳಲ್ಲಿ ಹಾಲಿನಲ್ಲಿ ಕುರ್ಚಿ ಬಂದ ಒಂದು ತಲೆಮಾರಿನ ಅನಂತರವೂ ಊಟಕ್ಕೆ ಮಣೆಯೇ ಇತ್ತು. ನಡುವೆ ಬದಲಾದುದು ಒಲೆ. ಮೊದಲು ಸೀಮೆಎಣ್ಣೆಯ ಸ್ಟೋವು, 1955ರ ಸುಮಾರಿಗೆ ಮುಂಬಯಿಯಲ್ಲಿ ಮಾರಾಟಕ್ಕೆ ಬಂದ ಸಿಲಿಂಡರಿನ ಗ್ಯಾಸು. ಹೊಗೆ ಹೋಯಿತು, ಒಲೆ ಎರಡೂವರೆ ಅಡಿ ಎತ್ತರದ ಕಟ್ಟೆಯನ್ನು ಏರಿತು, ಅಡಿಗೆಯವಳು ಎದ್ದು ನಿಂತಳು. ನಿಂತು ಬೇಯಿಸುವವಳು ನೆಲದಲ್ಲಿ ಕುಳಿತವರಿಗೆ ಬಡಿಸಲು ಪ್ರತಿ ಸೌಟಿಗೂ ಬಾಗಬೇಕು. ಒಲೆ ಮೇಲೆದ್ದುದರಿಂದ ಎಲೆಯೂ ಮೇಲೇಳಬೇಕಾಯಿತು. ಮೇಜಿನ ಎತ್ತರವೂ ಒಲೆಯ ಕಟ್ಟೆಯ ಎತ್ತರವೂ ಬಹುಮಟ್ಟಿಗೆ ಒಂದೇ ಆಗಿರುವುದು ಆಕಸ್ಮಿಕವಲ್ಲ. ಇದರ ಪರಿಣಾಮ ಅನುಕೂಲಕ್ಕಿಂತ ದೊಡ್ಡದು. ಪಾತ್ರೆಗಳನ್ನೆಲ್ಲ ಮೇಜಿನ ನಡುವೆ ತಂದಿಟ್ಟರೆ ಬಡಿಸುವವರೆಂಬ ಪ್ರತ್ಯೇಕ ವರ್ಗದ ಅಗತ್ಯವೇ ಇಲ್ಲ. ಕೊನೆಯ ಸರದಿಯವಳು ಮೊದಲ ಬಾರಿಗೆ ಕೂಡಬಹುದಾಯಿತು.

ಕೂಡಬಹುದಾಯಿತೆಂದೆನೇ ಹೊರತು ಕುಳಿತಳೆಂದಲ್ಲ. ಇಲ್ಲಿಯೇ ನಕ್ಷೆಯ ಪ್ರಶ್ನೆ ಏಳುತ್ತದೆ. 1970ರಲ್ಲಿ ಮೊದಲು ಪ್ರಕಟವಾದ ರಾಷ್ಟ್ರೀಯ ಕಟ್ಟಡ ಸಂಹಿತೆಯ 2005ರ ಆವೃತ್ತಿಯಲ್ಲಿ ಒಂದು ಕುತೂಹಲಕರವಾದ ಅಳತೆಯಿದೆ. ಊಟಕ್ಕೆ ಬೇರೆ ಸ್ಥಳವಿದ್ದರೆ ಅಡಿಗೆಮನೆ ಕನಿಷ್ಠ 5 ಚದರ ಮೀಟರು ಇರಬೇಕು, ಅಗಲ 1.8 ಮೀಟರು, ಅಡಿಗೆಮನೆಯಲ್ಲಿಯೇ ಉಣ್ಣುವುದಾದರೆ ಕನಿಷ್ಠ 7.5 ಚದರ ಮೀಟರು, ಅಗಲ 2.1 ಮೀಟರು. ಅಂದರೆ ಉಣ್ಣುವ ಎಡೆಯ ಕನಿಷ್ಠ ಬೆಲೆ 2.5 ಚದರ ಮೀಟರು, ಸುಮಾರು 27 ಚದರ ಅಡಿ. ನೆಲದ ಮೇಲೆ ಒಬ್ಬನಿಗೆ ಎಂಟು ಚದರ ಅಡಿ ಬೇಕೆಂದು ಹಿಂದೆ ಹೇಳಿದೆನಷ್ಟೆ. ಆ ಲೆಕ್ಕದಲ್ಲಿ ಮೂವರು ಕೂಡಬಹುದು. ನಾಲ್ವರ ಸಂಸಾರವಾದರೆ ಒಬ್ಬರು ನಿಲ್ಲಬೇಕು. ಆ ಒಬ್ಬರು ಯಾರೆಂಬುದನ್ನು ಸಂಹಿತೆ ಹೇಳುವುದಿಲ್ಲ. ಹೇಳಬೇಕಾದ ಅಗತ್ಯವೂ ಇಲ್ಲ.

ಇಂದು ಮನೆಯನ್ನು ಕಟ್ಟಿಸುವವರ, ಹಳೆಯ ಕಟ್ಟಡವನ್ನು ಕೆಡವಿ ಹೊಸದಾಗಿ ಕಟ್ಟುವಲ್ಲಿ ತಮ್ಮ ಪಾಲಿನ ನಕ್ಷೆಯನ್ನು ಆರಿಸಿಕೊಳ್ಳುವವರ ಮುಂದೆ ಮೂರು ಮಾರ್ಗಗಳಿವೆ. ಬೇರೆ ಕೋಣೆಯೆಂಬುದು ಬಂಗಲೆಯ ದಾಯ. ಆರು ಜನರ ಮೇಜು ಐದಡಿಗೆ ಮೂರಡಿ; ಕುರ್ಚಿ ಎಳೆದು ಕೂಡಲು ಸುತ್ತಲೂ ಮೂರಡಿ ಬಿಟ್ಟರೆ ಕೋಣೆ ಹನ್ನೊಂದಕ್ಕೆ ಒಂಬತ್ತು, ಅಂದರೆ ನೂರು ಚದರ ಅಡಿ. ಬಿ.ಡಿ.ಡಿ. ಚಾಳಿನ ಒಂದು ಸಂಸಾರದ ಕೋಣೆಯ ಸುಮಾರು ಮೂರರಲ್ಲಿ ಎರಡು ಪಾಲು. ಅಷ್ಟು ನೆಲವನ್ನು ದಿನಕ್ಕೆ ಎರಡು ತಾಸಿಗೆ ಮೀಸಲಿಡುವ ಶಕ್ತಿ ಮುಂಬಯಿಯಲ್ಲಿ ಎಷ್ಟು ಜನರಿಗಿದೆ? ಶಕ್ತಿಯಿದ್ದವರಿಗೂ ಇದನ್ನು ಹೇಳಲು ಮನಸ್ಸು ಬಾರದು. ಮುಚ್ಚಿದ ಊಟದ ಕೋಣೆಗೆ ಅಡಿಗೆಮನೆಯಿಂದ ರೊಟ್ಟಿ ಬಿಸಿಬಿಸಿಯಾಗಿ ಬರಬೇಕಾದರೆ ಒಬ್ಬರು ಮತ್ತೆ ಗೋಡೆಯ ಆಚೆಯೇ.

ಹಾಲಿನ ತುದಿಯಲ್ಲಿ ಮೇಜನ್ನಿಟ್ಟು ಅಡಿಗೆಮನೆಯನ್ನೂ ಗೋಡೆಯಿಲ್ಲದೆ ತೆರೆದಿಡುವುದು ಈಗಿನವರ ಒಲವು. ಬೇಯಿಸುವವಳು ಮಾತಿನಲ್ಲಿ ಪಾಲುಗೊಳ್ಳುತ್ತಾಳೆಂಬುದು ಇದರ ಗುಣ. ಒಗ್ಗರಣೆಯ ಘಾಟು, ಒಣಮೀನಿನ ವಾಸನೆ ಮನೆಯನ್ನೆಲ್ಲ ಹಿಡಿಯುವುದು ದೋಷ. ನಮ್ಮ ಅಡಿಗೆ ಬೇಯಿಸಿದ ಬಟಾಟೆಯ ಅಡಿಗೆಯಲ್ಲ. ಇನ್ನೊಂದು ದೋಷವನ್ನು ಹಿರಿಯ ಹೆಂಗಸರು ಮಾತ್ರ ಹೇಳುತ್ತಾರೆ. ಅಡಿಗೆಮನೆ ಅವರ ದಾಸ್ಯದ ಸ್ಥಳವಾಗಿತ್ತು ನಿಜ, ಗಂಡಸರ ಕಣ್ಣಿಗೆ ಬೀಳದೆ ಕಾಲು ಚಾಚಿ ಕೂಡುವ ಏಕಮಾತ್ರ ಸ್ಥಳವೂ ಆಗಿತ್ತು. ಗೋಡೆಯನ್ನು ಕೆಡವುವಾಗ ಅದಕ್ಕೆ ಬದಲಾಗಿ ಏನು ಕೊಟ್ಟೆವೆಂದು ಯಾರೂ ಲೆಕ್ಕವಿಡಲಿಲ್ಲ.

ಮೂರನೆಯದು, ಅಡಿಗೆಮನೆಯನ್ನೇ ಸ್ವಲ್ಪ ಹಿರಿದಾಗಿಸಿ ಅಲ್ಲಿಯೇ ಉಣ್ಣುವುದು. ಬಡವರ ಉಪಾಯವೆಂದು ಇದನ್ನು ಕಡೆಗಣಿಸುತ್ತಾರೆ. ನನ್ನ ಒಲವು ಇದರ ಕಡೆಗೆ. ನಾಲ್ಕಡಿಗೆ ಎರಡೂವರೆ ಅಡಿಯ ಮೇಜನ್ನು ಕೋಣೆಯ ನಡುವೆ ಇಟ್ಟರೆ 85 ಚದರ ಅಡಿ ಬೇಕು; ಉದ್ದದ ಒಂದು ಬದಿಯನ್ನು ಗೋಡೆಗೆ ತಾಗಿಸಿದರೆ 55 ಸಾಕು, ನಾಲ್ವರು ಆಗಲೂ ಕೂಡಬಹುದು. ಒಲೆ ಕೈಗೆಟುಕುವ ದೂರದಲ್ಲಿರುವುದರಿಂದ ದೋಸೆ ಹುಯ್ಯುವವರೂ ಕುಳಿತವರಲ್ಲಿ ಒಬ್ಬರಾಗುತ್ತಾರೆ, ಸರದಿ ಕೈ ಬದಲಾಯಿಸುವುದೂ ಸುಲಭ. ಜರ್ಮನಿಯಲ್ಲಿ 1926ರಲ್ಲಿ ಮಾರ್ಗರೇಟೆ ಶ್ಯೂಟೆ-ಲಿಹೋಟ್ಸ್ಕಿ ಎಂಬ ಮಹಿಳಾ ಸ್ಥಪತಿ ರೂಪಿಸಿದ ಪ್ರಸಿದ್ಧವಾದ ಫ್ರಾಂಕ್‌ಫರ್ಟ್ ಅಡಿಗೆಮನೆಯು 1.9ಕ್ಕೆ 3.4 ಮೀಟರಿನದು, ಒಬ್ಬಳು ನಿಂತು ದುಡಿಯುವುದಕ್ಕೆ ಸಾಕಾಗುವಷ್ಟು, ಕುಳಿತು ಉಣ್ಣುವುದಕ್ಕೆ ಸಾಲದಷ್ಟು. ದುಡಿಮೆಯ ಹೆಜ್ಜೆಗಳನ್ನು ಉಳಿಸಿದ ಆ ನಕ್ಷೆ ದುಡಿಯುವವಳನ್ನು ಒಂಟಿಯಾಗಿಸಿತೆಂಬ ಆಕ್ಷೇಪ ಆಮೇಲೆ ಬಂದಿತು. ನಮ್ಮ ಕಟ್ಟಡಗಳ ಆರಡಿ ಅಗಲದ ಅಡಿಗೆಮನೆಗಳು ಅದೇ ಅಳತೆಯವು.

ಹಬ್ಬದ ದಿನದ ಮಾತೊಂದು ಉಳಿಯಿತು. ಗೌರಿಹಬ್ಬಕ್ಕೋ ಹಿರಿಯರ ತಿಥಿಗೋ ಹನ್ನೆರಡು ಜನ ಸೇರಿದರೆ ಯಾವ ಮೇಜೂ ಸಾಲದು. ಕುರ್ಚಿಗಳನ್ನು ಮೊಗಸಾಲೆಗೆ ಸಾಗಿಸಿ ಹಾಲಿನ ನೆಲದಲ್ಲಿ ಎಲೆ ಹಾಕುವುದು ಇಂದಿಗೂ ನಡೆದಿದೆ. ಆರಾರು ಎಲೆಗಳ ಎರಡು ಸಾಲಿಗೆ ಹನ್ನೆರಡಕ್ಕೆ ಹನ್ನೊಂದು ಅಡಿಗಳ ಬಿಡುನೆಲ ಬೇಕು. ಹಾಲಿನಲ್ಲಿ ಗೋಡೆಗೆ ಬಿಗಿದ ಪೀಠೋಪಕರಣಗಳನ್ನು ಹಾಕಿಸುವ ಮುನ್ನ ಸ್ಥಪತಿಯ ಕಾಗದದ ಮೇಲೆ ಈ ಎಲೆಗಳನ್ನು ಪೆನ್ಸಿಲಿನಲ್ಲಿ ಬರೆದು ನೋಡುವುದು ಒಳ್ಳೆಯದು. ಹಾಗೆ ಬರೆಯುವಾಗ ಹದಿಮೂರನೆಯ, ಹದಿನಾಲ್ಕನೆಯ ಎಲೆಗಳನ್ನೂ ಬಡಿಸುವವರ ಹೆಸರಿನಲ್ಲಿ ಅದೇ ಸಾಲಿನ ತುದಿಗೆ ಬರೆಯಬೇಕು. ಸಾಲು ಎರಡು ಅಡಿ ಉದ್ದವಾಗುತ್ತದೆ, ಅಷ್ಟೆ.